ಬಾರ ತುಂಬಿದ್ದು ಎಲ್ಲಿ?

ಕರಿಕೋಟು ಬಿಚ್ಚಿ ಗೂಟಕ್ಕೆ ಹಾಕಿದ ಮೇಲೂ ಕೊಲ್ಹಾಪುರ ಜಿಲ್ಲೆಯ ನಮ್ಮ ಗಡಹಿಂಗ್ಲಜದಲ್ಲಿ ಜನ ನನ್ನನ್ನು ಕರೆಯುವುದು ‘ಬಂದೂಕಿನ ವಕೀಲಬಾಯಿ’ ಎಂದೇ. ಹೊಸಬರು ಈ ಹೆಸರು ಕೇಳಿ, ನನ್ನ ಕಪಾಟಿನಲ್ಲಿ ಏನಾದರೂ ಇದ್ದೀತೆಂದು ಸ್ವಲ್ಪ ದೂರ ಕೂರುತ್ತಾರೆ. ನಾನೋ, ದೀಪಾವಳಿಯ ಪಟಾಕಿಗೇ ಕಿವಿ ಮುಚ್ಚಿಕೊಂಡು ಅಡಿಗೆಮನೆ ಸೇರುವವಳು. ಜೀವಮಾನದಲ್ಲಿ ಬಂದೂಕಿನ ಕುದುರೆಯ ಮೇಲೆ ಬೆರಳಿಟ್ಟವಳಲ್ಲ. ಆದರೆ ಚಂದಗಡದ ಕಡೆಯಿಂದ ಹಿಡಿದು ನಮ್ಮೂರಿನ ತನಕ, ಕಾಡುಹಂದಿಯ ಕಾಟಕ್ಕೆ ಬಂದೂಕಿನ ಪರವಾನಗಿ ಪಡೆದ ರೈತರು ಬಹಳ. ಇಚಲಕರಂಜಿಯ ಕಡೆ ಹೋದರೆ ಮಗ್ಗದ ಮಾಲಕರ ಸೊಂಟದಲ್ಲೂ ಒಂದೊಂದು ಇರುತ್ತದೆ, ಹಂದಿ ಇರಲಿ ಬಿಡಲಿ. ಬಂದೂಕು ಸದ್ದು ಮಾಡಿದ ಮರುದಿನ ಇವರೆಲ್ಲ ನನ್ನ ಕಟ್ಟೆಯ ಮೇಲೆ ಬಂದು ಕೂರುತ್ತಿದ್ದರು.

“ಬಾಯಾರ, ಜೀವಾ ಉಳಿಸ್ಕೊಳ್ಳಾಕ ಹೊಡದ್ರ ಮಾಫ್ ಐತಲ್ರಿ?”

ಎಲ್ಲರ ಮೊದಲ ಪ್ರಶ್ನೆ ಇದೇ. ಹೊಡೆಯುವ ಮೊದಲು ಬಂದು ಇದನ್ನು ಕೇಳಿದ ಒಬ್ಬ ಪುಣ್ಯಾತ್ಮನನ್ನೂ ನಾನು ಕಾಣಲಿಲ್ಲ. ಈಗ ಹೊಸದಾಗಿ ಕೋಟು ಹೊಲಿಸಿಕೊಂಡ ಹುಡುಗ ಹುಡುಗಿಯರು ಬಂದು, “ಮ್ಯಾಡಮ್, ಏನರ ಹೇಳ್ರಿ” ಎನ್ನುತ್ತಾರೆ. ಎಷ್ಟು ಮೊಕದ್ದಮೆ ಗೆದ್ದೆ, ಯಾವ ಸಂಘಕ್ಕೆ ಅಧ್ಯಕ್ಷಳಾದೆ ಎಂಬುದರಿಂದ ನಿಮಗೆ ಆಗಬೇಕಾದ್ದೇನೂ ಇಲ್ಲ. ಕೆಲಸ ಹೇಗಿತ್ತು ಎನ್ನುವುದನ್ನಷ್ಟೇ ಹೇಳುತ್ತೇನೆ.

ನಾನು ಕೆಲಸ ಕಲಿತದ್ದು ಕೊಲ್ಹಾಪುರದಲ್ಲಿ, ದಾದಾಸಾಹೇಬ ಎಂದು ಎಲ್ಲರೂ ಕರೆಯುತ್ತಿದ್ದ ಹಿರಿಯ ವಕೀಲರ ಕೈಕೆಳಗೆ. ಅವರು ಕಾನೂನಿನ ಪುಸ್ತಕ ತೆರೆಯುತ್ತಿದ್ದುದು ಕಡಿಮೆ. ಕಕ್ಷಿದಾರ ಬಂದು ತನ್ನ ಶೌರ್ಯದ ಕತೆ ಶುರುಮಾಡಿದರೆ ಕೈಯೆತ್ತಿ ತಡೆದು, “ತೇ ಸೋಡಾ. ಪಾಯ ಕುಠೇ ಹೋತೇ ತೇ ಸಾಂಗಾ” ಎನ್ನುತ್ತಿದ್ದರು. ಅದೆಲ್ಲ ಬಿಡು, ನಿನ್ನ ಕಾಲು ಎಲ್ಲಿದ್ದವು ಹೇಳು. ಆಮೇಲೆ ಮೂಲೆಯಲ್ಲಿದ್ದ ತಮ್ಮ ಕೊಡೆಯನ್ನು ಅವನ ಕೈಗೆ ಕೊಟ್ಟು, ಅದೇ ಬಂದೂಕು ಎಂದು ತಿಳಿದು ನಡೆದದ್ದನ್ನೆಲ್ಲ ಮಾಡಿ ತೋರಿಸಲು ಹೇಳುತ್ತಿದ್ದರು. ಕಳ್ಳನ ಪಾತ್ರ ಯಾವಾಗಲೂ ನನ್ನದು. ಆ ಕೋಣೆಯಲ್ಲಿ ಕೊಡೆಯ ಗುಂಡು ತಗುಲಿ ನಾನು ಎಷ್ಟು ಸಲ ಸತ್ತಿದ್ದೇನೋ ದೇವರೇ ಬಲ್ಲ. ಒಮ್ಮೆ ಒಬ್ಬ ದೊಡ್ಡ ಮೀಸೆಯ ಜಮೀನುದಾರ ಗುರಿ ಹಿಡಿದು ನಿಂತವನು ಕೈ ನಡುಗಿ ಗುಂಡಿ ಒತ್ತಿಬಿಟ್ಟ. ಕೊಡೆ ಫಟ್ಟನೆ ಬಿಚ್ಚಿಕೊಂಡು ದಾದಾಸಾಹೇಬರ ಚಹಾ ಅವರ ಧೋತರದ ಮೇಲೆಯೇ ಚೆಲ್ಲಿತು. ಅವರು ಧೋತರ ಕೊಡವಿಕೊಳ್ಳುತ್ತ ನನ್ನ ಕಡೆ ತಿರುಗಿ, ಹೆದರಿದವನ ಕೈ ಹೀಗಿರುತ್ತದೆ, ನ್ಯಾಯಾಧೀಶರಿಗೆ ಇದನ್ನು ತೋರಿಸಬೇಕು, ಮೀಸೆಯನ್ನಲ್ಲ ಎಂದರು.

ಕೊಡೆಯಿಂದ ಕಲಿತ ಕಾನೂನು ಇಷ್ಟೇ. ನಿನ್ನ ಮೈಮೇಲೋ ಇನ್ನೊಬ್ಬರ ಮೈಮೇಲೋ ಏರಿ ಬಂದವನಿಂದ ಸಾವು ಇಲ್ಲವೆ ಭಾರಿ ಗಾಯ ಆದೀತೆಂಬ ಭಯ ಹುಟ್ಟಬೇಕು. ಆ ಭಯ ನಿನ್ನ ಜಾಗದಲ್ಲಿ ಯಾರಿದ್ದರೂ ಹುಟ್ಟುವಂಥದಾಗಿರಬೇಕು. ಪೊಲೀಸರನ್ನು ಕರೆಯುವಷ್ಟು ಹೊತ್ತು ಇರಬಾರದು. ತಡೆಯಲು ಬೇಕಾದಷ್ಟೇ ಮಾಡಬೇಕು, ಹಳೇ ಸಿಟ್ಟನ್ನೂ ಅದರಲ್ಲೇ ತೀರಿಸಿಕೊಳ್ಳಬಾರದು. ಬರೀ ಕಬ್ಬು ಮುರಿದುಕೊಂಡು ಹೋಗುವವನ ಮೇಲೆ ಗುಂಡು ಹಾರಿಸಿದರೆ ಯಾವ ಕಾಯಿದೆಯೂ ಕಾಯುವುದಿಲ್ಲ. ಮತ್ತು ಬಂದವನು ಬೆನ್ನು ತಿರುಗಿಸಿ ಓಡತೊಡಗಿದನೋ, ನಿನ್ನ ಹಕ್ಕೂ ಅವನ ಜೊತೆಗೇ ಓಡಿಹೋಯಿತೆಂದು ತಿಳಿ. ನಾವು ಇದನ್ನು ತೊಂಬತ್ತಾರರಿಂದ ನೂರಾ ಆರರ ತನಕದ ಕಲಮುಗಳೆಂದು ಮಗ್ಗಿಯ ಹಾಗೆ ಬಾಯಿಪಾಠ ಮಾಡಿದ್ದೆವು. ಈಗ ಹೊಸ ಸಂಹಿತೆಯಲ್ಲಿ ಅದೇ ಮಾತುಗಳು ಮೂವತ್ತನಾಲ್ಕರಿಂದ ಶುರುವಾಗುತ್ತವೆ. ಅದೇ ಅತ್ತೆ, ಸೀರೆ ಮಾತ್ರ ಹೊಸದು. ನಾನಂತೂ ಇನ್ನೂ ಹಳೇ ನಂಬರನ್ನೇ ಹೇಳಿ ಹುಡುಗರಿಂದ ತಿದ್ದಿಸಿಕೊಳ್ಳುತ್ತೇನೆ.

ಆದರೆ ಜನರ ಕಾನೂನು ಬೇರೆಯೇ ಇದೆ. ನಮ್ಮ ಭಾಗದಲ್ಲಿ ಅದರ ಹೆಸರು ಹೊಸ್ತಿಲು. ಕಳ್ಳನನ್ನು ಮನೆಯೊಳಗೆ ಹೊಡೆದರೆ ಮಾಫಿ, ಹೊರಗೆ ಹೊಡೆದರೆ ಜೈಲು ಎಂದು ಚಿಕ್ಕ ಮಕ್ಕಳೂ ಹೇಳುತ್ತಾರೆ. ಇಚಲಕರಂಜಿ ಹತ್ತಿರದ ಯಡ್ರಾವದ ಮಗ್ಗದ ಮಾಲಕರೊಬ್ಬರು ಇದನ್ನು ನಂಬಿ ಕೆಟ್ಟರು. ಮಗ್ಗಗಳಿಗೆ ರಜೆಯಿದ್ದ ಮಧ್ಯಾಹ್ನ ಒಬ್ಬ ಕಳ್ಳ ನೂಲಿನ ಚೀಲ ಹೊತ್ತು ಗೋಡೆ ಏರಿದ್ದ. ಮಾಲಕರು ಆಕಾಶಕ್ಕೆ ಒಂದು ಗುಂಡು ಹಾರಿಸಿದರು. ಸದ್ದಿಗೇ ಬೆದರಿದ ಕಳ್ಳ ಗೋಡೆಯ ಆಚೆ ರಸ್ತೆಗೆ ಬಿದ್ದು ಕಾಲು ಉಳುಕಿಸಿಕೊಂಡ. ಅಲ್ಲಿಗೆ ಬಿಟ್ಟಿದ್ದರೆ ಮಾಲಕರಿಗೆ ದೊಡ್ಡ ಕಂಟಕವೇನೂ ಇರಲಿಲ್ಲ. ಅವರಿಗೆ ಹೊಸ್ತಿಲು ನೆನಪಾಯಿತು. ಹೊರಗೆ ಹೋಗಿ, ನರಳುತ್ತಿದ್ದವನನ್ನು ಕಂಕುಳಿಗೆ ಕೈಹಾಕಿ ಎಳೆತಂದು, ಆಫೀಸಿನ ಹೊಸ್ತಿಲ ಒಳಗೆ ಅಂದವಾಗಿ ಮಲಗಿಸಿ, ಆಮೇಲೆ ನನಗೆ ಫೋನು ಮಾಡಿದರು.

“ಎಲ್ಲಾ ಕಾಯ್ದೆ ಪ್ರಕಾರ ಮಾಡೇನ್ರಿ ಬಾಯಾರ. ಈಗ ಒಳಗ ಅದಾನ.”

“ಹೊರಗಿಂದ ಒಳಗ ಹೆಂಗ ಬಂದಾನ್ರಿ ಅವ?”

“ನಾನ ತಂದೇನ್ರಿ.”

ಇದನ್ನೆಲ್ಲ ಅವರದೇ ಕ್ಯಾಮೆರಾ ನೋಡಿಕೊಂಡು ಕುಳಿತಿತ್ತು. ಪೊಲೀಸರ ಮುಂದೆ ಆ ಕಳ್ಳನೂ ನಯವಾಗಿ ಹೇಳಿದ: “ನಾ ಹೊರಗ ಹೊಂಟಿದ್ದೆರಿ ಸಾಹೇಬ್ರ. ಮಾಲಕರ ಒಳಗ ಕರಕೊಂಡ ಬಂದ್ರು. ಚಾ ಸುದ್ದಾ ಕೊಟ್ರು.” ಕಳ್ಳತನದ ಮೊಕದ್ದಮೆ ಹಿಂದೆ ಬಿದ್ದು, ಮಾಲಕರು ಮನುಷ್ಯನನ್ನು ಎಳೆದುಕೊಂಡು ಹೋಗಿ ಕೂಡಿಹಾಕಿದ್ದೇ ಮುಂದಾಯಿತು. ಕಾನೂನು ಹೊಸ್ತಿಲು ನೋಡುವುದಿಲ್ಲ ಮಕ್ಕಳೇ, ಭಯ ನೋಡುತ್ತದೆ. ಇದನ್ನು ನಿಮ್ಮ ಕಕ್ಷಿದಾರರಿಗೆ ಮೊದಲ ಭೇಟಿಯಲ್ಲೇ ಹೇಳಿಬಿಡಿ.

ನಗುವ ಮಾತು ಸಾಕು ಎಂದುಕೊಂಡು ಶಿವಗೊಂಡ ಕಾಕಾರ ಮೊಕದ್ದಮೆಗೆ ಬರುತ್ತೇನೆ, ಆದರೆ ಅಲ್ಲೂ ನಗು ಬಿಡಲಿಲ್ಲ.

ಗಡಹಿಂಗ್ಲಜದಿಂದ ಚಂದಗಡದ ದಾರಿಯಲ್ಲಿರುವ ಒಂದು ಹಳ್ಳಿಯ ರೈತರು ಅವರು. ಎಪ್ಪತ್ತು ದಾಟಿದ ವಯಸ್ಸು. ಕಬ್ಬು, ಶೇಂಗಾ ಇತ್ತು, ಹಂದಿಗೆಂದು ಪರವಾನಗಿಯ ಒಂಟಿ ನಳಿಗೆಯ ಬಂದೂಕೂ ಇತ್ತು. ಪಕ್ಕದ ಹೊಲದ ದತ್ತುವಿನೊಡನೆ ಬಾವಿಯ ನೀರಿನ ಪಾಳಿಗೆ ತಕರಾರು. ಒಂದು ದಿನ ಮುಂಜಾನೆ ಕಾಕಾರ ಹೆಂಡತಿ ಗೌರವ್ವ, “ನಿನ್ನ ಪಾಳಿ ಮುಗೀತು” ಎಂದು ದತ್ತುವಿನ ಮೋಟರು ಬಂದ್ ಮಾಡಿದರು. ಹಿಂದಿನ ಸಂಜೆಯ ಕುಡಿತ ಇಳಿಯದ ದತ್ತು ಕಬ್ಬು ಕಡಿಯುವ ಕೊಯ್ತಾ ಹಿಡಿದು ಬಂದ. ಕಾಕಾರ ಬಂದೂಕಿನ ಛರ್ರೆಗಳು, ಆ ಸಣ್ಣ ಸೀಸದ ಗುಂಡುಗಳು, ದತ್ತುವಿನ ತೊಡೆ ಸೇರಿದವು. ಅವನ ಜೀವ ಉಳಿಯಿತು, ಒಂದು ಕಾಲು ಮಾತ್ರ ಗಟ್ಟಿಯಾಗಲೇ ಇಲ್ಲ. ದತ್ತುವಿನ ಮೇಲೆ ಬೇರೆ ಮೊಕದ್ದಮೆ ನಡೆಯಿತು, ಅದು ಬೇರೆ ಕತೆ. ಕಾಕಾರ ಮೇಲೆ ಹಾಕಿದ್ದು ಕೊಲೆಯ ಪ್ರಯತ್ನ. ಶಿಕ್ಷೆಯಾದರೆ ಆ ವಯಸ್ಸಿನಲ್ಲಿ ಅವರು ಮನೆಗೆ ತಿರುಗಿ ಬರುವ ಮಾತೇ ಇರಲಿಲ್ಲ.

ಆರೋಪಪಟ್ಟಿ ತರಿಸಿ ಓದಿದೆ. ಗಾಯ ತೊಡೆಯ ಹಿಂಭಾಗದಲ್ಲಿತ್ತು. ಅಂದರೆ ದತ್ತು ಬೆನ್ನು ತಿರುಗಿಸಿ ಓಡುವಾಗ ಹೊಡೆದಿದ್ದಾರೆ ಎಂದು ಸರಕಾರಿ ವಕೀಲರು ಹೇಳುವುದು ಖಾತ್ರಿ. ಅದಕ್ಕಿಂತ ಕೆಟ್ಟದ್ದು ಇನ್ನೊಂದು. ಆಚೆಯ ಹೊಲದಲ್ಲಿ ಕಳೆ ತೆಗೆಯುತ್ತಿದ್ದ ಬಾಳವ್ವ ಎಂಬ ಹೆಂಗಸು ಎಲ್ಲವನ್ನೂ ಕಂಡಿದ್ದಳು. ಅವಳ ಹೇಳಿಕೆಯನ್ನು ಕೊಂಕಣದ ಕಡೆಯಿಂದ ಹೊಸದಾಗಿ ಬಂದಿದ್ದ ಪೊಲೀಸನೊಬ್ಬ ಮರಾಠಿಯಲ್ಲಿ ಬರೆದುಕೊಂಡಿದ್ದ. ದತ್ತು ಬರುವ ಮೊದಲೇ ಶಿವಗೊಂಡ ‘ಬಂದುಕೀತ ಬಾರ ಭರೂನ ಬಸಲಾ ಹೋತಾ’. ಬಂದೂಕಿನಲ್ಲಿ ಬಾರ ತುಂಬಿಕೊಂಡು ಕುಳಿತಿದ್ದ. ಕಾದು ಕುಳಿತು ಹೊಡೆದವನಿಗೆ ಆತ್ಮರಕ್ಷಣೆ ಎಲ್ಲಿಂದ ಬಂತು?

ಕಾಕಾರನ್ನು ಆಫೀಸಿಗೆ ಕರೆಸಿ, ದಾದಾಸಾಹೇಬರ ಹಾಗೆ ಕೊಡೆ ಕೊಟ್ಟೆ. ನಾನು ದತ್ತುವಾದೆ, ಗೌರವ್ವ ತಾವೇ ಗೌರವ್ವ. ಗೌರವ್ವ ಹೇಳಿದಂತೆ ಕುರ್ಚಿಯನ್ನು ಹೊಲದ ಮೇವಿನ ಬಣವೆ ಮಾಡಿಕೊಂಡು ಅವರು ಮುಂದೆ, ನಾನು ಹಿಂದೆ ಸುತ್ತಿದೆವು. ಕಾಕಾ ಸುಮ್ಮನೆ ಕೊಡೆ ಹಿಡಿದು ನಿಂತಿದ್ದರು.

“ಕಾಕಾ, ಹೊಡ್ಯೂಕಿಂತ ಮೊದ್ಲ ಒದರಿ ಹೇಳಬೇಕಿತ್ತಲ್ರಿ, ನಿಂದರಲೇ ಅಂತ?”

ಕಾಕಾ ಕೈಸನ್ನೆ ಮಾಡಿ ಹೊರಗೆ ಹೋದರು, ಗಟಾರದ ಹತ್ತಿರ ನಿಂತು ಉಗುಳಿ ಬಂದರು, ಧೋತರದ ಚುಂಗಿನಿಂದ ಬಾಯೊರೆಸಿಕೊಂಡರು.

“ಹೆಂಗ ಒದರ್ಲಿರಿ ಬಾಯಾರ? ಬಾಯಾಗ ಬಾರ ಇತ್ತ.”

“ಉಗುಳಬೇಕಿತ್ತು.”

“ಉಗುಳಿ ಒದರೂದ್ರಾಗ ಈಕಿ ಕುತಗಿ ಹೋಗಿರತಿತ್ರಿ. ಊಂ ಊಂ ಅಂತ ಅಂದೆ. ಅವಗ ಕೇಳ್ಸಲಿಲ್ಲ.”

ಗೌರವ್ವ ಸಿಟ್ಟಿನಿಂದ, “ಸಾವಿರ ಸಲ ಹೇಳೇನ್ರಿ ತಂಬಾಕ ಬಿಡ್ರಿ ಅಂತ” ಎಂದರು. ನಾನು ಕುರ್ಚಿ ಹಿಡಿದುಕೊಂಡು ಹಾಗೇ ನಿಂತೆ. ತಂಬಾಕು ಬೆಳೆಯುವ ನಮ್ಮ ಸೀಮೆಯಲ್ಲಿ ಬಾಯಿಗೆ ಇಡುವ ತಂಬಾಕಿನ ಉಂಡೆಗೂ ಬಾರ ಎನ್ನುತ್ತಾರೆ, ಬಂದೂಕಿನ ಈಡಿಗೂ ಬಾರ ಎನ್ನುತ್ತಾರೆ. ಎರಡನ್ನೂ ತುಂಬುತ್ತಾರೆ. ಬಾಳವ್ವ ಹೇಳಿದ್ದು ಬರೀ ‘ಬಾರ ತುಂಬಿ ಕುಂತಿದ್ರು’ ಎಂದಿರಬೇಕು. ಪಾಪ ಆ ಪೊಲೀಸ, ವಾಕ್ಯ ಅರ್ಧ ಆದಂತಿದೆ ಎಂದು ಬಂದೂಕನ್ನು ತಾನೇ ಸೇರಿಸಿ ಪೂರ್ತಿ ಮಾಡಿದ್ದ.

ಇರಬೇಕು ಎಂದೆ, ಏಕೆಂದರೆ ನನಗೆ ಖಾತ್ರಿ ಇರಲಿಲ್ಲ. ಹೋಗಿ ಬಾಳವ್ವನನ್ನು ಕೇಳುವ ಹಾಗಿಲ್ಲ, ಅವಳು ಸರಕಾರದ ಸಾಕ್ಷಿ. ಉತ್ತರ ಗೊತ್ತಿಲ್ಲದ ಪ್ರಶ್ನೆಯನ್ನು ಪಾಟೀಸವಾಲಿನಲ್ಲಿ ಕೇಳಬಾರದು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಮೇಲಾಗಿ ಬಾಳವ್ವನಿಗೂ ಗೌರವ್ವನಿಗೂ ಮಾತುಕತೆ ಬಂದ್ ಆಗಿತ್ತು. ಕಾರಣ ಕೇಳಿದರೆ ಗೌರವ್ವ ಮುಖ ತಿರುಗಿಸಿದರು. ಕಾಕಾ ಹೇಳಿದರು: “ಬಾಳವ್ವನ ಮಗನ ಲಗ್ನದಾಗ ಈಕಿ ಊಟಕ್ಕ ಕುಂತು, ಹೋಳಗ್ಯಾಗ ಬೆಲ್ಲಾ ಕಡಿಮಿ ಐತಿ ಅಂದ್ಲರಿ.” ಬೆಲ್ಲಕ್ಕೇ ಹೆಸರಾದ ಜಿಲ್ಲೆಯಲ್ಲಿ ಮದುವೆಯ ಪಂಕ್ತಿಯಲ್ಲಿ ಕೂತು ಈ ಮಾತು ಆಡಿದವರನ್ನು ಯಾರು ಮರೆಯುತ್ತಾರೆ? ಗಂಡನ ಜೀವ ಈಗ ಆ ಹೋಳಿಗೆಯ ಮೇಲೆ ನಿಂತಿತ್ತು. ನನಗೆ ನಿದ್ದೆ ಹತ್ತಲಿಲ್ಲ ಎಂದರೆ ಸುಳ್ಳಲ್ಲ.

ಸಾಕ್ಷಿಯ ದಿನ ಬಂತು. ನ್ಯಾಯಾಧೀಶರು ನಾಗಪುರದ ಕಡೆಯವರು, ಕನ್ನಡದ ಗಂಧವಿಲ್ಲ. ಪಕ್ಕದಲ್ಲಿ ಒಬ್ಬ ದುಭಾಷಿ. ಸರಕಾರಿ ವಕೀಲರು ಕೇಳಿದರು, ಬಾಳವ್ವ ಹೇಳಿದಳು: ಕಾಕಾ ಬಾವಿಯ ಕಟ್ಟೆಯ ಮೇಲೆ ಬಾರ ತುಂಬಿ ಕುಂತಿದ್ದರು, ದತ್ತು ಓಡುತ್ತಿದ್ದ, ಕಾಕಾ ಹೊಡೆದರು. ಹಂದಿಯ ಬಂದೂಕಿನ ಮೊಕದ್ದಮೆಯಲ್ಲಿ ದುಭಾಷಿಗೂ ಬಾರ ಎಂದರೆ ಒಂದೇ ಅರ್ಥ ಹೊಳೆದಿತ್ತು. ಅವನು ಎಲ್ಲವನ್ನೂ ಮರಾಠಿಯಲ್ಲಿ ಒಪ್ಪಿಸಿದ. ಸರಕಾರಿ ವಕೀಲರು ಹಬ್ಬದ ಊಟ ಮುಗಿಸಿದವರ ಹಾಗೆ ಕುಳಿತರು. ಇನ್ನು ಕೇಳದೆ ಗತಿ ಇರಲಿಲ್ಲ. ನಾನು ಎದ್ದೆ.

“ಮಾವಶಿ, ಬಾರ ತುಂಬಿ ಕುಂತಿದ್ರು ಅಂದ್ರಿ. ಎಲ್ಲಿ ತುಂಬಿದ್ರು?”

ಬಾಳವ್ವ ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿದಳು. “ಎಲ್ಲಿ ತುಂಬತಾರ್ರಿ ಮತ್ತ? ಬಾಯಾಗ.”

ದುಭಾಷಿ ತನ್ನ ಕರ್ತವ್ಯ ಬಿಡಲಿಲ್ಲ. “ತೋಂಡಾತ, ಸರ್” ಎಂದ. ನ್ಯಾಯಾಧೀಶರ ಪೆನ್ನು ನಿಂತಿತು. ಆರೋಪಿ ಆತ್ಮಹತ್ಯೆಗೆ ಹೊರಟಿದ್ದನೇ ಎಂದು ಅವರು ಕೇಳಿದರು. ದುಭಾಷಿ ಬಾಳವ್ವನ ಕಡೆ ತಿರುಗಿ, “ಬಂದೂಕ ಬಾಯಾಗ ಇತ್ತೇನಬೇ?” ಎಂದ.

“ಬಂದೂಕ ಯಾಕ ಬಾಯಾಗ ಇಟ್ಕೋತಾರೋ ತಮ್ಮಾ? ಹುಚ್ಚ ಹಿಡದೈತೇನ ಅವರಿಗೆ? ತಂಬಾಕದ ಬಾರ.”

ಅಷ್ಟು ಹೇಳಿ ಸುಮ್ಮನಾಗಿದ್ದರೆ ಸಾಕಿತ್ತು. ಈ ಜನಕ್ಕೆ ಇಷ್ಟೂ ತಿಳಿಯುವುದಿಲ್ಲ ಎಂದು ಅವಳಿಗೆ ಅನ್ನಿಸಿರಬೇಕು. ಸಾಕ್ಷಿಯ ಕಟಕಟೆಯಲ್ಲಿ ನಿಂತೇ ಸೊಂಟದ ಚಂಚಿ ತೆಗೆದಳು. ಅಂಗೈಯಲ್ಲಿ ತಂಬಾಕು ಹಾಕಿ, ಸುಣ್ಣ ಹಚ್ಚಿ, ಹೆಬ್ಬೆರಳಿನಿಂದ ತಿಕ್ಕಿ, ಎರಡು ಏಟು ಬಡಿದು, ಕೆಳದುಟಿ ಹಿಗ್ಗಿಸಿ ಒಳಗಿಟ್ಟುಕೊಂಡು, “ಹಿಂಗ” ಎಂದಳು. ತಂಬಾಕಿನ ಘಾಟಿಗೆ ಸರಕಾರಿ ವಕೀಲರು ಸೀನಿದರು. ಬೆರಳಚ್ಚಿನವನು ಇದನ್ನು ಹೇಗೆ ಬರೆಯಲಿ ಎಂದು ಕೇಳಿದ. ಸಾಕ್ಷಿ ಬಾಯಲ್ಲಿ ತಂಬಾಕು ತುಂಬಿ ತೋರಿಸಿದಳು ಎಂದೇ ಬರೆಯಿರಿ ಎಂದ ನ್ಯಾಯಾಧೀಶರು, ಸ್ವಲ್ಪ ತಡೆದು, ತಮ್ಮ ಕಡೆ ಜನ ಅಡಿಕೆ, ತಂಬಾಕು ತಿಕ್ಕಿದ ಖರ್ರಾ ತಿನ್ನುತ್ತಾರೆ ಎಂದು ಮೆಲ್ಲಗೆ ಸೇರಿಸಿದರು. ಮುಂದಿನ ಪ್ರಶ್ನೆಗೆ ಬಾಳವ್ವನಿಗೆ ಉತ್ತರಿಸಲು ಆಗಲಿಲ್ಲ, ಬಾಯಿ ತುಂಬಿತ್ತು. ಅವಳು ಹೊರಗೆ ಹೋಗಿ ಉಗುಳಿ ಬರುವ ತನಕ ಇಡೀ ನ್ಯಾಯಾಲಯ ಕಾಯಿತು. ಬಾಯಲ್ಲಿ ಬಾರ ಇದ್ದವನು ಕೂಗಿ ಎಚ್ಚರಿಸಲಾರ ಎಂಬುದನ್ನು ನಾನು ವಾದಿಸುವ ಕೆಲಸವೇ ಉಳಿಯಲಿಲ್ಲ.

“ಬಂದೂಕ ಎಲ್ಲಿತ್ತರಿ ಮಾವಶಿ?”

“ಪಂಪಿನ ಖೋಲ್ಯಾಗ. ದತ್ತು ಕೊಯ್ತಾ ಹಿಡದ ಬಂದದ್ದ ನೋಡಿ ಕಾಕಾ ಎದ್ದ ಹೋಗಿ ತಂದ್ರು.”

ಇನ್ನು ಒಂದೇ ಪ್ರಶ್ನೆ ಇತ್ತು, ಗಾಯ ಹಿಂದಿದ್ದುದೇಕೆ ಎಂಬುದು. ಅದಕ್ಕೆ ಬಾಳವ್ವ ಮನಸ್ಸು ಮಾಡಿದರೆ ಹೇಗೆ ಬೇಕಾದರೂ ಉತ್ತರಿಸಬಹುದಿತ್ತು.

“ದತ್ತು ಓಡಾಕತ್ತಿದ್ದ ಅಂದ್ರಿ. ಎತ್ತಾಗ ಓಡಾಕತ್ತಿದ್ದ?”

ಬಾಳವ್ವ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಗೌರವ್ವನನ್ನು ನೋಡಿದಳು. ಗೌರವ್ವ ತಲೆ ತಗ್ಗಿಸಿದರು.

“ಗೌರವ್ವನ ಹಿಂದ,” ಎಂದಳು ಬಾಳವ್ವ. “ಆಕಿ ಬಣವಿ ಸುತ್ತ ಓಡಾಕತ್ತಿದ್ಲು, ಅವ ಕೊಯ್ತಾ ಎತ್ತಿ ಆಕಿ ಹಿಂದ. ಕಾಕಾ ಅವನ ಹಿಂದ. ಆಕಿ ಸೀರಿ ಕಾಲಾಗ ಸಿಕ್ಕು ಬಿದ್ಲು. ಅವ ಕೊಯ್ತಾ ಇಳಸವನ ಇದ್ದ, ಬಾರ ಹಾರಿತು.” ಆಮೇಲೆ ನ್ಯಾಯಾಧೀಶರ ಕಡೆ ತಿರುಗಿದಳು. “ಜೀವದ ಮಾತ ಬ್ಯಾರೆ, ಹೋಳಗಿ ಮಾತ ಬ್ಯಾರೆರಿ ಸಾಹೇಬ್ರ. ಆದ್ರ ಬೆಲ್ಲಾ ಕಡಿಮಿ ಇರಲಿಲ್ಲ. ಅದನ್ನೂ ಬರಕೋರಿ.”

ದುಭಾಷಿ ಅದನ್ನೂ ಮರಾಠಿಯಲ್ಲಿ ಹೇಳಿದ. ಬೆಲ್ಲ ಬರೆಯಬೇಕೇ ಎಂದು ಬೆರಳಚ್ಚಿನವನು ಕೇಳಿದ, ನ್ಯಾಯಾಧೀಶರು ಬೇಡ ಎಂದರು. ಗೌರವ್ವ ಸೆರಗು ಬಾಯಿಗೆ ಒತ್ತಿಕೊಂಡು ಅಳುತ್ತಿದ್ದರು. ಗೋಡೆಯ ಕಡೆ ತಿರುಗಿ ಕಡತ ಹುಡುಕುವ ನೆಪದಲ್ಲಿ ನಾನೂ ಕಣ್ಣೊರೆಸಿಕೊಂಡೆ.

ತೀರ್ಪು ಬಂದಾಗ ಕಾಕಾ ಬಿಡುಗಡೆಯಾದರು. ಕೊಯ್ತಾ ಹೆಂಡತಿಯ ಮೇಲೆ ಇಳಿಯುವುದರಲ್ಲಿತ್ತು, ಬೇರೆ ದಾರಿ ಇರಲಿಲ್ಲ, ಒಂದೇ ಸಲ ಹೊಡೆದರು, ಅದೂ ಕಾಲಿಗೆ. ಹಕ್ಕಿನ ಗೆರೆ ದಾಟಲಿಲ್ಲ ಎಂದಿತ್ತು. ಊರಿನವರು ಪೇಢೆ ಹಂಚಿದರು. ಸಂಜೆ ನಾನೂ ಅವರ ಜೊತೆ ಬಸ್‌ಸ್ಟ್ಯಾಂಡಿನ ತನಕ ನಡೆದೆ. ಅಲ್ಲಿ ಕಲ್ಲುಬೆಂಚಿನ ಒಂದು ತುದಿಯಲ್ಲಿ ದತ್ತುವಿನ ತಾಯಿ ಕುಳಿತಿದ್ದಳು. ತೀರ್ಪು ಕೇಳಲು ಅವಳೂ ಬಂದಿದ್ದಳು. ಅವರೂರಿಗೆ ಆ ಹೊತ್ತಿಗೆ ಇದ್ದದ್ದು ಒಂದೇ ಬಸ್ಸು.

ಕಾಕಾ ನನ್ನನ್ನು ಒಂದು ಬದಿಗೆ ಕರೆದರು. ಬಾಯಲ್ಲಿ ಬಾರ ಇರಲಿಲ್ಲ.

“ಬಾಯಾರ, ಒಂದ ಕೇಳತೇನಿ. ನಾ ಮಾಡಿದ್ದ ಚಲೋ ಆತು ಅಂತ ಬರದಾರೇನ್ರಿ?”

“ಇಲ್ಲ ಕಾಕಾ. ಗುನ್ಹೆ ಅಲ್ಲ ಅಂತ ಬರದಾರ. ಅಷ್ಟ.”

ಅವರು ಬೆಂಚಿನ ತುದಿಯಲ್ಲಿದ್ದ ದತ್ತುವಿನ ತಾಯಿಯ ಕಡೆ ನೋಡಿದರು. ಗೆದ್ದ ವಕೀಲೆ ನಾನು, ಇನ್ನೂ ಏನಾದರೂ ಹೊಗಳಿಕೆ ಓದಿ ಹೇಳಬೇಕಿತ್ತೇನೋ ಎಂದುಕೊಂಡೆ.

“ಅಷ್ಟ ಸಾಕ್ರಿ,” ಎಂದರು. “ಚಲೋ ಆತು ಅಂತ ಬರದಿದ್ರ, ಆಕಿ ಕೂಡ ಒಂದ ಬಸ್ಸಿನ್ಯಾಗ ಹೆಂಗ ಕುಂಡರ್ಲಿ?”

ಬಸ್ಸು ಬಂತು. ಆ ಮುದುಕಿ ಮೊದಲು ಹತ್ತಲಿ ಎಂದು ಕಾಕಾ ಬದಿಗೆ ಸರಿದು ನಿಂತರು.